ಸ್ವಇಚ್ಛೆ

ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಈ ಪದ ಗೊತ್ತು. ಕ್ರಯಪತ್ರವಿರಲಿ, ದಾನಪತ್ರವಿರಲಿ, ಉಯಿಲಿರಲಿ, ಯಾರ ಒತ್ತಾಯವೂ ಇಲ್ಲದೆ ‘ಸ್ವಇಚ್ಛೆಯಿಂದ’ ಬರೆದುಕೊಟ್ಟದ್ದು ಎಂಬ ಮಾತು ಅದರಲ್ಲಿ ಇದ್ದೇ ಇರುತ್ತದೆ. ಸಂಧಿ ಮಾಡಿದರೆ ಇದೇ ‘ಸ್ವೇಚ್ಛೆ’. ಆದರೆ ಆ ರೂಪಕ್ಕೆ ಕನ್ನಡದಲ್ಲಿ ಲಂಗುಲಗಾಮಿಲ್ಲದ ನಡತೆಯ ಅರ್ಥ ಅಂಟಿಕೊಂಡಿದೆ. ಒಂದೇ ಪದ, ಎರಡು ಬಾಳು.

ಕೊಡಗಿನ ಆದಿವಾಸಿಗಳ ಹಾಡಿಗಳಿಗೆ ಈ ಪದ ವಿದೇಶಿ ನೆರವಿನ ಜೊತೆಯಲ್ಲೂ ಬಂತು. 1996ರಲ್ಲಿ ವಿಶ್ವಬ್ಯಾಂಕ್ ಒಪ್ಪಿದ ಪರಿಸರ ಅಭಿವೃದ್ಧಿ ಯೋಜನೆಯ ಏಳು ಕಾಡುಗಳಲ್ಲಿ ನಾಗರಹೊಳೆಯೂ ಒಂದು. ಒಟ್ಟು ವೆಚ್ಚ 6.7 ಕೋಟಿ ಡಾಲರ್, ಅದರಲ್ಲಿ 2.8 ಕೋಟಿ ಬ್ಯಾಂಕಿನ ಸಾಲ, 2 ಕೋಟಿ ಜಾಗತಿಕ ಪರಿಸರ ನಿಧಿಯ ಅನುದಾನ. ಬಲವಂತವಾಗಿ ಯಾರನ್ನೂ ಎಬ್ಬಿಸಬಾರದು, ಸ್ವಇಚ್ಛೆಯಿಂದ ಹೊರಡುವವರಿಗಷ್ಟೇ ಪುನರ್ವಸತಿ ಎಂಬ ಷರತ್ತು ಅದರಲ್ಲಿತ್ತು. ಆ ಒಪ್ಪಂದಕ್ಕೆ ದೆಹಲಿಯ ಸಹಿ ಬೇಕಿತ್ತು, ವಾಷಿಂಗ್ಟನ್ನಿನ ಸಹಿ ಬೇಕಿತ್ತು. ಆ ಕಾಡಿನಲ್ಲೇ ಬಾಳುವ ಜೇನುಕುರುಬರ, ಬೆಟ್ಟಕುರುಬರ, ಯರವರ ಒಪ್ಪಿಗೆ ಬೇಕಿರಲಿಲ್ಲ.

ಅದೇ ಕಾಡಿನ ಮೂರ್ಕಲ್ಲಿನಲ್ಲಿ ಐಷಾರಾಮಿ ಹೋಟೆಲ್ಲಿಗೆ ಜಾಗ ಗುತ್ತಿಗೆಗೆ ಸಿಕ್ಕಿತ್ತು. ಆದಿವಾಸಿಗಳು ಹೋರಾಡಿ, 1997ರಲ್ಲಿ ಹೈಕೋರ್ಟಿನ ಆದೇಶದಿಂದ ಅದು ನಿಂತಿತು. ಮರುವರ್ಷ ಅವರ ಪರವಾಗಿ ಬ್ಯಾಂಕಿನ ತಪಾಸಣಾ ಸಮಿತಿಗೇ ದೂರು ಹೋಯಿತು. ನರ್ಮದಾ ಅಣೆಕಟ್ಟಿನ ವಿವಾದದ ಬಿಸಿಯಲ್ಲಿ 1993ರಲ್ಲಿ ಹುಟ್ಟಿದ ಸಮಿತಿ ಅದು. ತನಿಖೆ ನಡೆಯಲಿ ಎಂದು ಸಮಿತಿ ಶಿಫಾರಸು ಮಾಡಿತು. ದೇಶಗಳು ಹೂಡಿದ ಬಂಡವಾಳಕ್ಕೆ ತಕ್ಕಂತೆ ಮತದ ತೂಕವಿರುವ ನಿರ್ದೇಶಕ ಮಂಡಳಿ ಆ ಶಿಫಾರಸನ್ನು ಒಪ್ಪಲಿಲ್ಲ.

ಶಾಲೆ, ಆಸ್ಪತ್ರೆ, ಕರೆಂಟು ಬೇಕೆಂದು ಹಾಡಿ ಬಿಟ್ಟು ಬಂದ ಕುಟುಂಬಗಳಿವೆ. ಅವರ ಆಸೆ ನಿಜವಾದದ್ದು, ನ್ಯಾಯವಾದದ್ದು. ಆದರೆ ಹಾಡಿಯಲ್ಲಿ ಬೇಸಾಯ ನಿಲ್ಲಿಸಿ, ಜೇನು ಕೀಳುವುದಕ್ಕೆ ಅಡ್ಡಿ ಮಾಡಿ, ರಸ್ತೆಯನ್ನೂ ಕೊಡದೆ, ಆಮೇಲೆ ‘ಹೋಗುತ್ತೀರಾ?’ ಎಂದು ಕೇಳಿದರೆ ಬರುವ ‘ಹೂಂ’ ಯಾರ ಇಚ್ಛೆ? ಹೊರಬಿದ್ದ ಎಷ್ಟೋ ಮಂದಿಗೆ ಸಿಕ್ಕಿದ್ದು ಕಾಫಿ ತೋಟದ ಲೈನ್ ಮನೆ, ದಿನಗೂಲಿ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಗೆ ಮರಳಿ ಗುಡಿಸಲು ಹಾಕಿದವು. ಅದೂ ಸ್ವಇಚ್ಛೆಯೇ. ಆದರೆ ಬಡವರು ಹೊರಡುವಾಗ ಸ್ವಇಚ್ಛೆಯೆಂದು ಬರೆದುಕೊಳ್ಳುವ ವ್ಯವಸ್ಥೆಗೆ, ಅವರು ಮರಳಿದಾಗ ಅದು ಅತಿಕ್ರಮಣವಾಗಿ ಕಂಡಿತು.

ಬೇಡ ಎನ್ನುವ ಬಲ ಇದ್ದವರ ಒಪ್ಪಿಗೆಗಷ್ಟೇ ಈ ಪದ ಸಲ್ಲುತ್ತದೆ. ಆ ಬಲ ಕೊಡಬೇಕಾದದ್ದು 2006ರ ಅರಣ್ಯ ಹಕ್ಕು ಕಾಯ್ದೆ: ಮೊದಲು ಹಕ್ಕು ಮಾನ್ಯವಾಗಬೇಕು, ಗ್ರಾಮಸಭೆ ತಿಳಿದು ಒಪ್ಪಬೇಕು, ಪುನರ್ವಸತಿಯ ಮಾತು ಆಮೇಲೆ. ಹಣ ದೆಹಲಿಯದಾಗಲಿ ವಾಷಿಂಗ್ಟನ್ನಿನದಾಗಲಿ, ಆ ಕ್ರಮ ತಪ್ಪಿಸಿ ಪಡೆದ ಸಹಿಯನ್ನು ಸ್ವಇಚ್ಛೆ ಎಂದು ಯಾರೂ ಕರೆಯಬಾರದು.