ಹಳದಿ ದೀಪ ಕೊಪ್ಪಳಕ್ಕೆ ಬಂದ ದಾರಿ

ಕಾರಿನ ಮೀಟರ್ ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿತು ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡೇ ದಾರಿ. ಒಂದು, ನೋಡಿಯೂ ನೋಡದ ಹಾಗೆ ಓಡಿಸುವುದು. ಎರಡು, ಕುಷ್ಟಗಿಯಿಂದಲೋ ಯಲಬುರ್ಗಾದಿಂದಲೋ ಗಾಡಿಯನ್ನು ಹೊಸಪೇಟೆಗೋ ಹುಬ್ಬಳ್ಳಿಗೋ ಒಯ್ದು, 'ಸೆನ್ಸರ್ ಹೋಗಿದೆ' ಅಂದರೆ ಅವರು ಹೇಳಿದಷ್ಟು ದುಡ್ಡು ಎಣಿಸಿ ಬರುವುದು. ಮೂರನೆಯ ದಾರಿಯೂ ಇದೆ. ಮನೆಯಂಗಳದಲ್ಲೇ ಆ ದೀಪದ ಅರ್ಥ ಓದಿಕೊಳ್ಳುವುದು. ಆ ದಾರಿ ನಮ್ಮ ತನಕ ಹೇಗೆ ಬಂತು ಅನ್ನುವುದೇ ಒಂದು ಸ್ವಾರಸ್ಯದ ಕಥೆ.

ಈ ದೀಪ ಹುಟ್ಟಿದ್ದು ಮಿಸ್ತ್ರಿಗಾಗಿಯೂ ಅಲ್ಲ, ಮಾಲೀಕನಿಗಾಗಿಯೂ ಅಲ್ಲ. ಹೊಗೆಗಾಗಿ! ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ಕಾರುಗಳ ಹೊಗೆಯೂ ಕಾರಣ ಎಂದು 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ ತೋರಿಸಿದರು. ಅಲ್ಲಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಗಳು ಬಿಗಿಯಾಗುತ್ತಾ ಹೋದವು. ಹೊಗೆ ಹೆಚ್ಚಿಸುವ ದೋಷವನ್ನು ಕಾರು ತಾನೇ ಪತ್ತೆ ಹಚ್ಚಿ ದೀಪ ಹಚ್ಚಬೇಕು ಎಂಬ ನಿಯಮ 1988ರ ಮಾದರಿಯ ಕಾರುಗಳಿಂದ ಅಲ್ಲಿ ಶುರುವಾಯಿತು. ಇದು ಓಬಿಡಿ-1. ಆದರೆ ಒಂದೊಂದು ಕಂಪನಿಯದು ಒಂದೊಂದು ಸಾಕೆಟ್ಟು, ಒಂದೊಂದು ಭಾಷೆ. 1996ರಲ್ಲಿ ಓಬಿಡಿ-2 ಬಂದು ಇಡೀ ಅಮೆರಿಕದಲ್ಲಿ ಎಲ್ಲ ಹೊಸ ಕಾರಿಗೂ ಒಂದೇ 16 ಪಿನ್ನಿನ ಸಾಕೆಟ್ಟು, ಒಂದೇ ರೀತಿಯ ಕೋಡು ಕಡ್ಡಾಯವಾಯಿತು. ಯೂರೋಪಿನ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ.

ಇನ್ನು ನಮ್ಮಲ್ಲಿ? ಅಂಬಾಸಿಡರ್, ಹಳೆಯ ಮಾರುತಿ 800ರ ಕಾಲದಲ್ಲಿ ಕಾರ್ಬ್ಯುರೇಟರೇ ಎಲ್ಲ. ಮಿಸ್ತ್ರಿ ಕಿವಿಗೊಟ್ಟು ಕೇಳಿ, ಸ್ಕ್ರೂಡ್ರೈವರಿನಲ್ಲಿ ಅರ್ಧ ಸುತ್ತು ತಿರುಗಿಸಿದರೆ ಇಂಜಿನ್ ಹದಕ್ಕೆ ಬರುತ್ತಿತ್ತು. 1999ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ ಯೂರೋ ಮಾನದಂಡ ಬೇಕೆಂದು ಆದೇಶಿಸಿತು. ಆಮೇಲೆ ಕಾರುಗಳ ಹಿಂದಿನ ಗಾಜಿನ ಮೇಲೆ 'ಎಂಪಿಎಫ್‌ಐ' ಅನ್ನುವ ಅಕ್ಷರಗಳು ಎಲ್ಲೆಲ್ಲೂ ಕಾಣತೊಡಗಿದವು, ನೆನಪಿದೆಯಾ? ಅಂದರೆ ಪೆಟ್ರೋಲಿನ ಅಳತೆ ಕಂಪ್ಯೂಟರಿನ ಕೈಗೆ ಹೋಯಿತು. ಅದಕ್ಕೆ ಕಣ್ಣು ಕಿವಿಯಾಗಿ ಸೆನ್ಸರುಗಳು ಬಂದವು. ಪಾಪ, ಮಿಸ್ತ್ರಿಯ ಕಿವಿ ನಿರುದ್ಯೋಗಿಯಾಯಿತು!

ನಮ್ಮೂರಿನ ಮಟ್ಟಿಗೆ ಮುಖ್ಯವಾದದ್ದು ಮುಂದಿನ ಭಾಗ. 2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-4 ಜಾರಿಯಾದಾಗ ಅದು ದೆಹಲಿ ಸೇರಿ 13 ನಗರಗಳಿಗೆ ಮಾತ್ರ. ಕರ್ನಾಟಕದಲ್ಲಿ ಬೆಂಗಳೂರೊಂದೇ. ಪಕ್ಕದ ಸೋಲಾಪುರ ಕೂಡ ಪಟ್ಟಿಯಲ್ಲಿತ್ತು. ಸೋಲಾಪುರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ಇರುವ ಕುಷ್ಟಗಿ, ಇತ್ತ ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಲ್ಲ ಸ್ಟೇಜ್-3ರಲ್ಲೇ ಉಳಿದವು. ಕಾರಣ ಮುಖ್ಯವಾಗಿ ಇಂಧನ. ಸ್ಟೇಜ್-3ರ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಇರಬಹುದಿತ್ತು, ಸ್ಟೇಜ್-4ರಲ್ಲಿ 50. ಆ ಶುದ್ಧ ಇಂಧನ ಎಲ್ಲ ಬಂಕಿಗೂ ತಲುಪಬೇಕಿತ್ತಲ್ಲ. ಓಬಿಡಿ ಬಂದದ್ದು ಸ್ಟೇಜ್-4ರ ಜೊತೆಗೇ. 2013ರ ಏಪ್ರಿಲ್‌ನಿಂದ ಓಬಿಡಿ-2. ಹಂತಹಂತವಾಗಿ ಹಬ್ಬಿ ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲ್ 1ರಂದು. 2020ರ ಏಪ್ರಿಲ್ 1ಕ್ಕೆ ಸ್ಟೇಜ್-6 ಬಂದಾಗ ಮಾತ್ರ ಕೊಪ್ಪಳಕ್ಕೂ ಬೆಂಗಳೂರಿಗೂ ಒಂದೇ ದಿನ.

ಹಾಗಾಗಿ 2010ರಿಂದ 2017ರ ನಡುವಿನ ಹಳೆಯ ಕಾರು ಕೊಳ್ಳುವವರು ಗಮನಿಸಿ. ಒಂದೇ ಮಾಡೆಲ್ಲು, ಒಂದೇ ವರ್ಷ ಆದರೂ ಬೆಂಗಳೂರಿನ ಗಾಡಿ ಮತ್ತು ಕೆಎ-37ರ ಗಾಡಿ ಒಳಗಿನಿಂದ ಬೇರೆ ಬೇರೆ ಇರಬಹುದು. ಸಾಕೆಟ್ಟು ಇದ್ದ ಮಾತ್ರಕ್ಕೆ ಪೂರ್ತಿ ಕೋಡು ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಚುಚ್ಚಿಯೇ ನೋಡಬೇಕು.

ಚುಚ್ಚುವುದಕ್ಕೇನು? ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಂಪನಿ ಮಾಡಿದ ಇಎಲ್‌ಎಂ327 ಅನ್ನುವ ಪುಟ್ಟ ಚಿಪ್ಪು ಕಾರಿನ ಭಾಷೆಯನ್ನು ಸಾದಾ ಅಕ್ಷರಗಳಿಗೆ ತಿರುಗಿಸುತ್ತಿತ್ತು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಅದರ ನಕಲುಗಳು ಮಾತ್ರ ಕೆಲವು ನೂರು ರೂಪಾಯಿಗೆ ಇವತ್ತಿಗೂ ಸಿಗುತ್ತವೆ. ಬ್ಲೂಟೂತ್‌ನಲ್ಲಿ ಫೋನಿಗೆ ಸೇರಿಸಿದರೆ ಆಯಿತು.

ಆದರೆ ಕೋಡು ಓದುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ. ಪಿ0118 ಬಂತು ಅನ್ನಿ. ಇದು ಕೂಲೆಂಟ್ ಬಿಸಿ ಅಳೆಯುವ ಸೆನ್ಸರಿನ ಸಾಲಿನಲ್ಲಿ ವೋಲ್ಟೇಜ್ ಹೆಚ್ಚಾಗಿದೆ ಎನ್ನುವ ದೂರು. 'ಸೆನ್ಸರ್ ಬದಲಿಸಿ' ಅಂತ ಎಲ್ಲಿಯೂ ಬರೆದಿಲ್ಲ ನೋಡಿ! ಕಂಪ್ಯೂಟರು ಆ ಸಾಲಿಗೆ 5 ವೋಲ್ಟ್ ಕಳಿಸುತ್ತದೆ. ತಂತಿ ತುಂಡಾದರೆ ಆ 5 ವೋಲ್ಟ್ ಹಾಗೇ ನಿಲ್ಲುತ್ತದೆ. ಆಗ ಯಲಬುರ್ಗಾದ ಮೇ ತಿಂಗಳ ಬಿಸಿಲಲ್ಲೂ ಫೋನು 'ಮೈನಸ್ 40 ಡಿಗ್ರಿ' ಎಂದು ತೋರಿಸೀತು. ಗಂಗಾವತಿಯ ಅಕ್ಕಿ ಗಿರಣಿ ಪಕ್ಕ ನಿಲ್ಲಿಸಿದ ಕಾರಿನ ತಂತಿ ತುಂಡು ಮಾಡುವವರು ಯಾರು ಅಂತ ಹೇಳಬೇಕಿಲ್ಲ, ಇಲಿರಾಯರು!

ಪರೀಕ್ಷೆ ಸುಲಭ. ಎರಡು ತಂತಿಯ ಆ ಸೆನ್ಸರಿನ ಪ್ಲಗ್ ಕಿತ್ತು, ಮಲ್ಟಿಮೀಟರಿನಲ್ಲಿ ಸೆನ್ಸರಿನ ಓಮ್ ಅಳೆಯಿರಿ. ಬಹುತೇಕ ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು ಎರಡರಿಂದ ಮೂರು ಸಾವಿರ, 80 ಡಿಗ್ರಿಗೆ ಮುನ್ನೂರರ ಆಸುಪಾಸು. ಬಿಸಿಯಾದಂತೆ ಇಳಿಯುತ್ತಿದ್ದರೆ ಸೆನ್ಸರು ಸರಿ ಇರುವ ಸಂಭವವೇ ಹೆಚ್ಚು. ತಂತಿ, ಪ್ಲಗ್ ನೋಡಿ. ಹಾಗೆಯೇ ಪಿ0171 ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಅದನ್ನು ಪತ್ತೆ ಹಚ್ಚಿ ಹೇಳಿದ ಆಕ್ಸಿಜನ್ ಸೆನ್ಸರನ್ನೇ ಎಷ್ಟೋ ಜನ ಕಿತ್ತೆಸೆಯುತ್ತಾರೆ. ಬಿರುಕು ಬಿಟ್ಟ ಗಾಳಿ ಪೈಪನ್ನು ಯಾರೂ ನೋಡುವುದಿಲ್ಲ. ಪ್ರೋಗ್ರಾಮ್ ಬರೆಯುವವರಿಗೆ ಇದು ಹೊಸದಲ್ಲ: ಎರರ್ ತೋರಿಸಿದ ಸಾಲಿನಲ್ಲೇ ತಪ್ಪು ಇರಬೇಕೆಂದೇನಿಲ್ಲ. ಕೋಡನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಅಳಿಸಿ. ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸಬೇಡಿ.

ಕಾರಿನ ಕಥೆ ಇಷ್ಟಾದರೆ, ಈಗ ಸರದಿ ಟ್ರ್ಯಾಕ್ಟರಿನದು. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಮಾನದಂಡ ಬಂದಿದೆ. ಅಲ್ಲೂ ಕಂಪ್ಯೂಟರು, ಸೆನ್ಸರು. ರಿಪೇರಿ ಮಾಡಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿದಾಗ ಕೃಷಿ ಉಪಕರಣಗಳನ್ನೂ ಅದರಲ್ಲಿ ಸೇರಿಸಿತ್ತು. ಕಾರಿನ ಕೋಡು ನಮ್ಮ ಫೋನಿನಲ್ಲಿ ಕಾಣುತ್ತಿರುವುದು ಯಾವ ಕಂಪನಿಯ ದಯೆಯಿಂದಲೂ ಅಲ್ಲ, ಒಂದೇ ಸಾಕೆಟ್ಟು ಒಂದೇ ಭಾಷೆ ಎಂದು ಕಾನೂನು ಹಟ ಹಿಡಿದದ್ದರಿಂದ. ಕಾರಟಗಿ, ಗಂಗಾವತಿಯ ಗದ್ದೆಯಲ್ಲಿ ನಾಟಿ ಹೊತ್ತಿಗೆ ಟ್ರ್ಯಾಕ್ಟರ್ ನಿಂತರೆ ರೈತನಿಗೆ ಒಂದೊಂದು ದಿನವೂ ನಷ್ಟ. ಅವನಿಗೂ ಆ ದೀಪದ ಅರ್ಥ ತನ್ನ ಫೋನಿನಲ್ಲೇ ಓದಲು ಸಿಗಬೇಡವೇ?