ಮೂರೇ ಸ್ಥಾನ, ಮುಗಿಯದ ಸಾಲು

2018ರ ಡಿಸೆಂಬರ್‌ನಲ್ಲಿ ರಷ್ಯಾದ ಸರಾನ್ಸ್ಕ್ ನಗರದಲ್ಲಿ ಆ ದೇಶದ ಫಿಗರ್ ಸ್ಕೇಟಿಂಗ್ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಅಲೀನಾ ಜಗಿತೋವಾಗೆ ಅಲ್ಲಿ ಸಿಕ್ಕಿದ್ದು ಐದನೇ ಸ್ಥಾನ. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಎವ್ಗೇನಿಯಾ ಮೆಡ್ವೆಡೆವಾ ಏಳನೆಯವಳು. ಮೊದಲ ಮೂರು ಸ್ಥಾನ ಗೆದ್ದವರು ಅನ್ನಾ ಶೆರ್ಬಕೋವಾ, ಅಲೆಕ್ಸಾಂಡ್ರಾ ತ್ರುಸೋವಾ ಮತ್ತು ಅಲೋನಾ ಕೊಸ್ತೊರ್ನಾಯಾ. ಮೊದಲಿಬ್ಬರಿಗೆ 14 ವರ್ಷ, ಮೂರನೆಯವಳಿಗೆ 15.

ಈ ಮೂವರೂ ಇನ್ನೂ ಜೂನಿಯರ್‌ಗಳು. ವಯಸ್ಸು ಸಾಲದ್ದರಿಂದ ಹಿರಿಯರ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗುವಂತಿರಲಿಲ್ಲ. ಹೀಗಾಗಿ ಮನೆಯಲ್ಲಿ ಐದನೆಯವಳಾದ ಜಗಿತೋವಾ ಮತ್ತು ಏಳನೆಯವಳಾದ ಮೆಡ್ವೆಡೆವಾ 2019ರ ಮಾರ್ಚ್‌ನಲ್ಲಿ ಜಪಾನಿನ ಸೈತಾಮಾಗೆ ಹೋದರು. ಜಗಿತೋವಾ ಚಿನ್ನ ತಂದಳು, ಮೆಡ್ವೆಡೆವಾ ಕಂಚು ತಂದಳು. ಊರಲ್ಲಿ ಸೋತವರು ಲೋಕದಲ್ಲಿ ಗೆದ್ದರು.

ನಮ್ಮ ಐಟಿ ಕಂಪನಿಗಳಲ್ಲಿ 'ಬೆಂಚ್' ಎಂಬ ಮಾತಿದೆ. ಪ್ರಾಜೆಕ್ಟ್ ಸಿಗದೆ ಕಾಯುತ್ತಾ ಕೂತವರು ಅಂತ ಅರ್ಥ. ಆ ದಶಕದಲ್ಲಿ ರಷ್ಯಾದ ಬೆಂಚಿನ ಮೇಲೆ ವಿಶ್ವ ಚಾಂಪಿಯನ್‌ಗಳೇ ಕಾಯುತ್ತಿದ್ದರು. ಈ ಬೆಂಚ್ ಹೇಗೆ ಕಟ್ಟಲ್ಪಟ್ಟಿತು, ಅದರ ಮೇಲೆ ಕೂತ ಹುಡುಗಿಯರಿಗೆ ಏನಾಯಿತು ಎಂಬುದೇ ಈ ಲೇಖನದ ವಿಷಯ.

ರಷ್ಯಾ ಅಂದರೆ ಹಿಮ, ಹಿಮ ಅಂದರೆ ಸ್ಕೇಟಿಂಗ್, ಹಾಗಾಗಿ ಅವರು ಗೆಲ್ಲುವುದು ಸಹಜ ಎಂದು ನಮಗೆ ಅನ್ನಿಸಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. ಗಂಡು-ಹೆಣ್ಣು ಜೋಡಿಯಾಗಿ ಆಡುವ ವಿಭಾಗದಲ್ಲಿ ಸೋವಿಯತ್ ಒಕ್ಕೂಟ ಮತ್ತು ಅದರ ನಂತರದ ರಷ್ಯಾ 1964ರಿಂದ 2006ರವರೆಗೆ ಸತತ 12 ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವು. ಇರೀನಾ ರೊದ್ನಿನಾ ಒಬ್ಬರೇ ಇಬ್ಬರು ಜೊತೆಗಾರರೊಂದಿಗೆ ಮೂರು ಚಿನ್ನ ಗೆದ್ದರು. ಆದರೆ ಮಹಿಳೆ ಒಬ್ಬಳೇ ಆಡುವ ಸಿಂಗಲ್ಸ್‌ನಲ್ಲಿ ಸೋವಿಯತ್ ಒಕ್ಕೂಟ ಒಂದೂ ಒಲಿಂಪಿಕ್ ಚಿನ್ನ ಕಾಣಲಿಲ್ಲ. 1976ರಲ್ಲಿ ಎಲೆನಾ ವೊದೊರೆಜೋವಾ ಎಂಬ 12 ವರ್ಷದ ಹುಡುಗಿ ಒಲಿಂಪಿಕ್ಸ್‌ಗೆ ಹೋಗಿ ಎಲ್ಲರ ಕಣ್ಣು ಸೆಳೆದಳು. ಮುಂದೆ ಕೀಲುವಾತ ಆಕೆಯನ್ನು ಹಿಡಿಯಿತು. ಆದರೂ 1983ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಕಂಚು ಗೆದ್ದಳು. ಮಹಿಳಾ ಸಿಂಗಲ್ಸ್‌ನಲ್ಲಿ ಸೋವಿಯತ್‌ಗೆ ಅದೇ ಮೊದಲ ವಿಶ್ವ ಪದಕ. ಮರುವರ್ಷ ಸರಯೇವೊದಲ್ಲಿ ಕೀರಾ ಇವನೋವಾ ಮೊದಲ ಒಲಿಂಪಿಕ್ ಪದಕ ತಂದಳು, ಅದೂ ಕಂಚು.

1991ರಲ್ಲಿ ದೇಶವೇ ಒಡೆಯಿತು. ಹಣವಿಲ್ಲ, ರಿಂಕ್‌ಗಳನ್ನು ನಡೆಸುವುದೇ ಕಷ್ಟ. ಅನೇಕ ಕೋಚ್‌ಗಳು ಅಮೆರಿಕದ ದಾರಿ ಹಿಡಿದರು. ಅಂಥ ಕಾಲದಲ್ಲಿ 1999ರಲ್ಲಿ ಮರಿಯಾ ಬುತಿರ್ಸ್ಕಾಯಾ ವಿಶ್ವ ಚಾಂಪಿಯನ್ ಆದ ಮೊದಲ ರಷ್ಯನ್ ಮಹಿಳೆಯಾದರು. ಆಗ ಅವರ ವಯಸ್ಸು 26. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಆಮೇಲೆ ಬಂದ ಇರೀನಾ ಸ್ಲುತ್ಸ್ಕಾಯಾ ಏಳು ಸಲ ಯುರೋಪಿಯನ್ ಚಾಂಪಿಯನ್, 2002 ಮತ್ತು 2005ರಲ್ಲಿ ವಿಶ್ವ ಚಾಂಪಿಯನ್. ನಡುವೆ ರಕ್ತನಾಳದ ಕಾಯಿಲೆ ಬಂದು ಮಲಗಿದವರು ಎದ್ದು ಬಂದು ಆ ಎರಡನೆಯ ಪಟ್ಟ ಗೆದ್ದದ್ದು. ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, ಕಂಚು ಎರಡೂ ಬಂದವು, ಚಿನ್ನ ಮಾತ್ರ ಬರಲಿಲ್ಲ. ಸ್ಲುತ್ಸ್ಕಾಯಾ ನಿವೃತ್ತರಾದಾಗ ಹಿಂದೆ ತಿರುಗಿ ನೋಡಿದರೆ ಯಾರೂ ಇರಲಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಇಬ್ಬರು ಮಹಿಳೆಯರು 9ನೇ ಮತ್ತು 10ನೇ ಸ್ಥಾನದಲ್ಲಿ ನಿಂತರು. ಫಿಗರ್ ಸ್ಕೇಟಿಂಗ್‌ನಲ್ಲೇ ಒಟ್ಟಾರೆ ಒಂದೂ ಚಿನ್ನ ಬರಲಿಲ್ಲ. 1964ರ ನಂತರ ಅಂಥದ್ದು ಅದೇ ಮೊದಲು.

ಮುಂದಿನ ಚಳಿಗಾಲದ ಒಲಿಂಪಿಕ್ಸ್ ಅವರದೇ ಸೋಚಿಯಲ್ಲಿ, ಕೇವಲ ನಾಲ್ಕು ವರ್ಷದಲ್ಲಿ. ಆದರೆ ಬೀಜ ಅದಾಗಲೇ ಮೊಳೆತಿತ್ತು. 2008ರ ಡಿಸೆಂಬರ್‌ನಲ್ಲೇ 12 ವರ್ಷದ ಅಡೆಲೀನಾ ಸೋತ್ನಿಕೋವಾ ಹಿರಿಯರನ್ನೆಲ್ಲ ಹಿಂದೆ ಹಾಕಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಳು. ಆಕೆಯ ಕೋಚ್ ಬೇರೆ ಯಾರೂ ಅಲ್ಲ, ಕೀಲುವಾತದೊಂದಿಗೆ ಆಡಿದ ಅದೇ ವೊದೊರೆಜೋವಾ. ಈಗ ಅವರ ಹೆಸರು ಎಲೆನಾ ಬುಯನೋವಾ.

ಸೋವಿಯತ್ ಕಾಲದ ಮಕ್ಕಳ ಕ್ರೀಡಾ ಶಾಲೆಗಳ ಜಾಲ ಸೊರಗಿತ್ತೇ ಹೊರತು ಸತ್ತಿರಲಿಲ್ಲ. ನಾಲ್ಕೈದು ವರ್ಷಕ್ಕೇ ಮಗುವನ್ನು ಸೇರಿಸುವುದು, ದರ್ಜೆಯಿಂದ ದರ್ಜೆಗೆ ಪರೀಕ್ಷೆ ಪಾಸು ಮಾಡುತ್ತಾ 'ಮಾಸ್ಟರ್ ಆಫ್ ಸ್ಪೋರ್ಟ್' ಎಂಬ ಪದವಿವರೆಗೆ ಏರುವುದು, ಏರಲಾರದವರನ್ನು ಅಲ್ಲಲ್ಲೇ ಬಿಡುವುದು. ಇದಕ್ಕೆ ಮೇಲೊಂದು ಸ್ಪರ್ಧೆಗಳ ಏಣಿ. ಬೇರೆ ಬೇರೆ ಊರುಗಳಲ್ಲಿ ನಡೆಯುವ ರಷ್ಯನ್ ಕಪ್‌ನ ಹಂತಗಳು, ಅದರ ಫೈನಲ್, ಜೂನಿಯರ್ ರಾಷ್ಟ್ರೀಯ, ಆಮೇಲೆ 18 ಜನರಿಗೆ ಮಾತ್ರ ಅವಕಾಶವಿರುವ ಹಿರಿಯರ ರಾಷ್ಟ್ರೀಯ. ಮಾಸ್ಕೋದ ಸಾಂಬೊ-70 ಶಾಲೆಯಲ್ಲಿ ಎತೇರಿ ತುತ್ಬೆರಿಡ್ಜೆ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಲೆಕ್ಸೇಯ್ ಮಿಶಿನ್ ಇಂಥ ಕೋಚ್‌ಗಳ ಹತ್ತಿರ ದೂರದೂರದ ಊರುಗಳಿಂದ ಹುಡುಗಿಯರು ಬಂದರು. ಜಗಿತೋವಾ ಇಝೆವ್ಸ್ಕ್‌ನವಳು, ತ್ರುಸೋವಾ ರಿಯಾಜಾನ್‌ನವಳು, ಕಮಿಲಾ ವಲಿಯೆವಾ ಕಜಾನ್‌ನವಳು. ಯೂಲಿಯಾ ಲಿಪ್ನಿತ್ಸ್ಕಾಯಾಳನ್ನು ಕರೆದುಕೊಂಡು ಆಕೆಯ ತಾಯಿ 2009ರಲ್ಲಿ ಯೆಕಟೆರಿನ್‌ಬರ್ಗ್‌ನಿಂದ ಮಾಸ್ಕೋಗೆ ಬಂದರು. ಮಕ್ಕಳ ಕೋಚಿಂಗ್‌ಗಾಗಿ ಊರು ಬಿಡುವ ತಾಯಂದಿರು ನಮಗೇನೂ ಅಪರಿಚಿತರಲ್ಲ.

ಇದರ ಫಲ ಮೊದಲು ಕಂಡದ್ದು ಜೂನಿಯರ್ ಮಟ್ಟದಲ್ಲಿ. 2011ರಿಂದ 2020ರವರೆಗಿನ ಹತ್ತು ವಿಶ್ವ ಜೂನಿಯರ್ ಚಾಂಪಿಯನ್‌ಶಿಪ್‌ಗಳಲ್ಲಿ ಒಂಬತ್ತನ್ನು ರಷ್ಯಾದ ಹುಡುಗಿಯರೇ ಗೆದ್ದರು. 2016ರಲ್ಲಿ ಜಪಾನಿನ ಮರಿನ್ ಹೊಂಡಾ ಗೆದ್ದದ್ದೊಂದೇ ಅಪವಾದ. ಒಬ್ಬಳೇ ಪ್ರತಿಭಾವಂತೆ ಒಂಬತ್ತು ಸಲ ಗೆದ್ದಿದ್ದರೆ ಅದು ಬೇರೆ ಮಾತು. ಇಲ್ಲಿ ಗೆದ್ದವರು ಏಳು ಬೇರೆ ಬೇರೆ ಹುಡುಗಿಯರು. 2013 ಮತ್ತು 2014ರಲ್ಲಂತೂ ಚಿನ್ನ, ಬೆಳ್ಳಿ, ಕಂಚು ಮೂರೂ ಅವರಿಗೇ. ರಷ್ಯಾದ ಜೂನಿಯರ್ ರಾಷ್ಟ್ರೀಯ ಗೆಲ್ಲುವುದು ವಿಶ್ವ ಜೂನಿಯರ್ ಗೆಲ್ಲುವುದಕ್ಕಿಂತ ಕಷ್ಟ ಎಂಬ ಮಾತು ನನಗೆ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಈಗ ಒಂದು ನಿಯಮ ತಿಳಿದುಕೊಳ್ಳಬೇಕು, ಕಥೆಯ ಕೀಲಿ ಅಲ್ಲಿದೆ. ಒಲಿಂಪಿಕ್ಸ್‌ಗಾಗಲಿ ವಿಶ್ವ ಚಾಂಪಿಯನ್‌ಶಿಪ್‌ಗಾಗಲಿ ಒಂದು ದೇಶ ಹೆಚ್ಚೆಂದರೆ ಮೂವರನ್ನು ಕಳಿಸಬಹುದು. ಆ ಮೂರು ಸ್ಥಾನವೂ ಪುಕ್ಕಟೆ ಅಲ್ಲ. ಹಿಂದಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆ ದೇಶದ ಮೊದಲ ಇಬ್ಬರ ಸ್ಥಾನಗಳನ್ನು ಕೂಡಿದರೆ 13 ದಾಟಬಾರದು. 2013ರಲ್ಲಿ ಸೋತ್ನಿಕೋವಾ 9, ಎಲಿಜವೆಟಾ ತುಕ್ತಮಿಶೆವಾ 10. ಕೂಡಿದರೆ 19. ಹಾಗಾಗಿ ತಮ್ಮದೇ ನೆಲದ ಸೋಚಿಯಲ್ಲಿ ರಷ್ಯಾಕ್ಕೆ ಸಿಕ್ಕಿದ್ದು ಎರಡೇ ಸ್ಥಾನ. ಅದರ ಜೊತೆ ವಯಸ್ಸಿನ ಗೆರೆ: ಹಿಂದಿನ ಜುಲೈ 1ಕ್ಕೆ 15 ತುಂಬಿರಬೇಕು. ಲಿಪ್ನಿತ್ಸ್ಕಾಯಾ ಹುಟ್ಟಿದ್ದು 1998ರ ಜೂನ್ 5, ಒಂದು ತಿಂಗಳಿಗಿಂತ ಕಡಿಮೆ ಅಂತರದಲ್ಲಿ ಒಳಬಂದಳು. ವಿಶ್ವ ಜೂನಿಯರ್ ಚಾಂಪಿಯನ್ ಎಲೆನಾ ರಾದಿಯೋನೋವಾ ಹುಟ್ಟಿದ್ದು 1999ರ ಜನವರಿ, ಆಕೆ ಹೊರಗುಳಿದಳು. ಮುಂದಿನ ಒಲಿಂಪಿಕ್ಸ್ ಹೊತ್ತಿಗೆ ಹೊಸ ಹುಡುಗಿಯರು ಬಂದಿದ್ದರು. ರಾದಿಯೋನೋವಾ ಒಲಿಂಪಿಕ್ಸ್ ಕಾಣಲೇ ಇಲ್ಲ.

ಸೋಚಿಯಲ್ಲಿ 15 ವರ್ಷದ ಲಿಪ್ನಿತ್ಸ್ಕಾಯಾ ತಂಡಕ್ಕೆ ಚಿನ್ನ ತಂದಳು. 17ರ ಸೋತ್ನಿಕೋವಾ ಸಿಂಗಲ್ಸ್ ಚಿನ್ನ ಗೆದ್ದಳು. ಕೊರಿಯಾದ ಕಿಮ್ ಯುನಾಗೆ ಅನ್ಯಾಯವಾಯಿತೆಂಬ ವಾದ ಇಂದಿಗೂ ನಿಂತಿಲ್ಲ, ಆದರೆ ರಷ್ಯಾ ದಶಕಗಳಿಂದ ಕಾದಿದ್ದ ಪದಕ ಅದು. ಆಮೇಲೆ ಪ್ರವಾಹ. 2015ರಲ್ಲಿ ತುಕ್ತಮಿಶೆವಾ ವಿಶ್ವ ಚಾಂಪಿಯನ್, 2016 ಮತ್ತು 2017ರಲ್ಲಿ ಮೆಡ್ವೆಡೆವಾ. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಒಂದೇ ಕೋಚ್‌ನ ಇಬ್ಬರು ಶಿಷ್ಯೆಯರು ಚಿನ್ನಕ್ಕಾಗಿ ಎದುರುಬದುರಾದರು. ಜಗಿತೋವಾಗೆ 239.57 ಅಂಕ, ಮೆಡ್ವೆಡೆವಾಗೆ 238.26. ಫ್ರೀ ಸ್ಕೇಟ್‌ನಲ್ಲಿ ಇಬ್ಬರಿಗೂ ಸರಿಸಮ 156.65! ಕಾರ್ಯಕ್ರಮದ ಎರಡನೇ ಅರ್ಧದಲ್ಲಿ ಮಾಡಿದ ಜಂಪ್‌ಗಳಿಗೆ ಶೇ. 10 ಹೆಚ್ಚುವರಿ ಅಂಕವಿದ್ದುದರಿಂದ ಜಗಿತೋವಾ ಎಲ್ಲ ಜಂಪ್‌ಗಳನ್ನೂ ಅಲ್ಲಿಗೇ ಇಟ್ಟಿದ್ದಳು. ಒಲಿಂಪಿಕ್ಸ್ ಮುಗಿದ ಮೇಲೆ ಆ ಲಾಭಕ್ಕೆ ಮಿತಿ ಹಾಕಿದರು.

ಆಗ ಪೈಪೋಟಿ ಕ್ವಾಡ್‌ಗೆ ತಿರುಗಿತು. ಕ್ವಾಡ್ ಅಂದರೆ ಗಾಳಿಯಲ್ಲಿ ನಾಲ್ಕು ಸುತ್ತು, ಅದೂ ಮುಕ್ಕಾಲು ಸೆಕೆಂಡಿನೊಳಗೆ. ತೋಳನ್ನು ಎದೆಗೆ ಒತ್ತಿಕೊಂಡಷ್ಟೂ ದೇಹ ವೇಗವಾಗಿ ಸುತ್ತುತ್ತದೆ. ಪಿಯುಸಿಯಲ್ಲಿ ಓದಿದ ಕೋನೀಯ ಸಂವೇಗದ ಪಾಠವೇ ಇದು. ದೇಹ ಸಣ್ಣದಾಗಿ, ನೇರವಾಗಿ ಇದ್ದಷ್ಟೂ ಅನುಕೂಲ. ಅಂದರೆ ಸೊಂಟ ಅಗಲವಾಗುವ ಮೊದಲಿನ ದೇಹ. 2018ರಲ್ಲಿ 13 ವರ್ಷದ ತ್ರುಸೋವಾ ವಿಶ್ವ ಜೂನಿಯರ್‌ನಲ್ಲಿ ಎರಡು ಕ್ವಾಡ್ ಮಾಡಿದಳು. ಟ್ರಿಪಲ್ ಲುಟ್ಜ್‌ಗೆ ಮೂಲ ಅಂಕ 5.9 ಇದ್ದರೆ ಕ್ವಾಡ್ ಲುಟ್ಜ್‌ಗೆ 11.5, ಹೆಚ್ಚುಕಡಿಮೆ ದುಪ್ಪಟ್ಟು. ಈ ಲೆಕ್ಕದ ಮುಂದೆ 18ರ ಯುವತಿಯ ಅಭಿನಯ, ಪಳಗಿದ ಹೆಜ್ಜೆ ಎಷ್ಟು ತೂಗೀತು?

ಸಾಲು ಉದ್ದವಿದ್ದಾಗ ಯಾರಿಗೂ ಯಾರೂ ಅನಿವಾರ್ಯರಲ್ಲ. ಗಾಯವಾದವಳನ್ನು, ಮೈ ಬೆಳೆದವಳನ್ನು ಕಾಯಲು ವ್ಯವಸ್ಥೆಗೆ ಯಾವ ಒತ್ತಡವೂ ಇಲ್ಲ, ಹಿಂದೆ ಇನ್ನೊಬ್ಬಳು ಸಿದ್ಧವಾಗಿ ನಿಂತಿದ್ದಾಳೆ. ಲಿಪ್ನಿತ್ಸ್ಕಾಯಾ 19ಕ್ಕೇ ನಿವೃತ್ತಳಾದಳು. ಅನೊರೆಕ್ಸಿಯಾಗೆ, ಅಂದರೆ ಊಟವನ್ನೇ ದೂರವಿಡುವ ಕಾಯಿಲೆಗೆ ಚಿಕಿತ್ಸೆ ಪಡೆದದ್ದನ್ನು ತಾನೇ ಬಹಿರಂಗವಾಗಿ ಹೇಳಿದಳು. ಜಗಿತೋವಾ 2019ರ ಡಿಸೆಂಬರ್‌ನಲ್ಲಿ ಸ್ಪರ್ಧೆಗೆ ವಿರಾಮ ಹೇಳಿದಾಗ ಆಕೆಗೆ 17. ಒಲಿಂಪಿಕ್ ಚಿನ್ನವನ್ನೂ ವಿಶ್ವ ಪಟ್ಟವನ್ನೂ ಗೆದ್ದು ಮುಗಿಸಿದ ವಯಸ್ಸು ಅದು. ಬುತಿರ್ಸ್ಕಾಯಾ ಮೊದಲ ವಿಶ್ವ ಪಟ್ಟ ಗೆದ್ದದ್ದು 26ಕ್ಕೆ.

2022ರ ಬೀಜಿಂಗ್‌ನಲ್ಲಿ ಎಲ್ಲವೂ ಒಟ್ಟಿಗೆ ಮೇಲೆ ಬಂತು. 15 ವರ್ಷದ ವಲಿಯೆವಾ ತಂಡ ಸ್ಪರ್ಧೆಯಲ್ಲಿ, ಒಲಿಂಪಿಕ್ಸ್‌ನಲ್ಲಿ ಕ್ವಾಡ್ ಮಾಡಿದ ಮೊದಲ ಮಹಿಳೆಯಾದಳು. ಅದಾದ ಮೇಲೆ ಡಿಸೆಂಬರ್ 25ರಂದು ಕೊಟ್ಟಿದ್ದ ಆಕೆಯ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದ್ರೋಗದ ಔಷಧ ಸಿಕ್ಕಿತೆಂಬ ಸುದ್ದಿ ಬಂತು. ಆಡಲು ಬಿಟ್ಟರು. ಸಿಂಗಲ್ಸ್ ಫ್ರೀ ಸ್ಕೇಟ್‌ನಲ್ಲಿ ಆ ಮಗು ಬಿದ್ದೂ ಎದ್ದೂ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ರಿಂಕ್‌ನಿಂದ ಹೊರಬಂದವಳನ್ನು ಸಂತೈಸುವ ಬದಲು ಯಾಕೆ ಕೈಬಿಟ್ಟೆ ಎಂದು ಕೋಚ್ ಕೇಳಿದ್ದು ಟಿವಿಯಲ್ಲಿ ಜಗತ್ತಿಗೆಲ್ಲ ಕೇಳಿಸಿತು. ಐದು ಕ್ವಾಡ್‌ಗಳಿಗೆ ಎದೆಗೊಟ್ಟ ತ್ರುಸೋವಾ ಬೆಳ್ಳಿ ಸಿಕ್ಕಿದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. 255.95 ಅಂಕದೊಂದಿಗೆ ಚಿನ್ನ ಗೆದ್ದ ಶೆರ್ಬಕೋವಾಳನ್ನು ಮಾತಾಡಿಸುವವರೇ ಇರಲಿಲ್ಲ, ಒಂದು ಗೊಂಬೆ ಹಿಡಿದು ಒಬ್ಬಳೇ ನಿಂತಿದ್ದಳು. ನಾನು ನೋಡಿದ ಒಲಿಂಪಿಕ್ ಚಿನ್ನಗಳಲ್ಲಿ ಅಷ್ಟು ಒಂಟಿಯಾದದ್ದು ಇನ್ನೊಂದಿಲ್ಲ.

ಪ್ರಕರಣ 2024ರ ಜನವರಿಯಲ್ಲಿ ತೀರ್ಮಾನವಾಯಿತು. ವಲಿಯೆವಾಗೆ ನಾಲ್ಕು ವರ್ಷ ನಿಷೇಧ. ತಂಡದ ಚಿನ್ನ ಅಮೆರಿಕಕ್ಕೆ ಹೋಯಿತು. ಚಳಿಗಾಲದ ಆ ಪದಕವನ್ನು 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಬಿಸಿಲಲ್ಲಿ ಕೊಟ್ಟರು. ಶಿಕ್ಷೆ ಮಾತ್ರ ಹುಡುಗಿಗೆ. ಆಕೆಯ ಸುತ್ತ ಇದ್ದ ದೊಡ್ಡವರ ಪಾಲು ಏನಿತ್ತು ಎಂಬುದು ಹಾಗೇ ಉಳಿಯಿತು.

2022ರ ಜೂನ್‌ನಲ್ಲಿ ಫುಕೆಟ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 17ಕ್ಕೆ ಏರಿಸಿತು. ಪರವಾಗಿ 100 ಮತ, ವಿರುದ್ಧ 16. ಈ ನಿಯಮ ಮೊದಲೇ ಇದ್ದಿದ್ದರೆ ಲಿಪ್ನಿತ್ಸ್ಕಾಯಾ ಸೋಚಿಗೆ, ಜಗಿತೋವಾ ಪ್ಯೊಂಗ್‌ಚಾಂಗ್‌ಗೆ, ವಲಿಯೆವಾ ಬೀಜಿಂಗ್‌ಗೆ ಹೋಗುತ್ತಿರಲಿಲ್ಲ. ತಡವಾಗಿ ಬಂದ ಒಳ್ಳೆಯ ನಿಯಮ ಎಂದೇ ನನ್ನ ಅಭಿಪ್ರಾಯ.

ಈ ಇಡೀ ಚರಿತ್ರೆಯಲ್ಲಿ ನನಗೆ ಅಚ್ಚುಮೆಚ್ಚು ತುಕ್ತಮಿಶೆವಾ. ಗ್ಲಾಜೊವ್ ಎಂಬ ಸಣ್ಣ ಊರಿನವಳು, ಮಿಶಿನ್ ಅವರ ಶಿಷ್ಯೆ. 2015ರಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಹೊಸ ಹುಡುಗಿಯರ ಅಲೆ ಆಕೆಯನ್ನು ದಡಕ್ಕೆ ಎಸೆಯಿತು. ಆಕೆ ಮನೆಗೆ ಹೋಗಲಿಲ್ಲ. ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ನೆಚ್ಚಿಕೊಂಡು ಆಡುತ್ತಲೇ ಇದ್ದಳು. 2021ರ ಸ್ಟಾಕ್‌ಹೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಷ್ಯಾದ ಮೂವರು ಮೂರೂ ಪದಕ ಬಾಚಿಕೊಂಡರಲ್ಲ, ಆಗ 16ರ ಶೆರ್ಬಕೋವಾ ಮತ್ತು 16ರ ತ್ರುಸೋವಾ ನಡುವೆ ಬೆಳ್ಳಿ ಹಿಡಿದು ನಿಂತವಳು 24ರ ತುಕ್ತಮಿಶೆವಾ. 2014, 2018, 2022 ಈ ಮೂರು ಒಲಿಂಪಿಕ್ಸ್ ತಂಡಗಳಲ್ಲೂ ಆಕೆಗೆ ಜಾಗವಿರಲಿಲ್ಲ.

ಉಕ್ರೇನ್ ಯುದ್ಧದಿಂದಾಗಿ 2022ರ ಮಾರ್ಚ್‌ನಿಂದ ರಷ್ಯಾದ ಸ್ಕೇಟರ್‌ಗಳಿಗೆ ಹೊರದೇಶದ ಸ್ಪರ್ಧೆಗಳ ಬಾಗಿಲು ಮುಚ್ಚಿತು. 2025ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನ ಒಲಿಂಪಿಕ್ ಅರ್ಹತಾ ಸ್ಪರ್ಧೆಗೆ ತಟಸ್ಥ ಆಟಗಾರರೆಂದು, ಧ್ವಜವಿಲ್ಲದೆ, ವಿಭಾಗಕ್ಕೆ ಒಬ್ಬರಂತೆ ಬಿಟ್ಟರು. ಮಹಿಳೆಯರಲ್ಲಿ ಹೋದವಳು 18 ವರ್ಷದ ಅಡೇಲಿಯಾ ಪೆತ್ರೋಸ್ಯಾನ್. ಮೊದಲನೆಯವಳಾಗಿ ಗೆದ್ದು ಅರ್ಹತೆ ಪಡೆದಳು. ಅವಳ ಹಿಂದಿನ ಸಾಲು ಆ ವರ್ಷವೂ ರಷ್ಯನ್ ಕಪ್‌ನ ಊರುಗಳಲ್ಲಿ ಎಂದಿನಂತೆ ಆಡುತ್ತಿತ್ತು.