‘ಸರ್ವರ್ ಇಲ್ಲ’ ಎಂದರೆ ಹ್ಯಾಕ್ ಆಗಿದೆ ಎಂದು ಅರ್ಥವೇ?

ಪಹಣಿ ತೆಗೆಸಲು ಹೋದರೆ ‘ಸರ್ವರ್ ಇಲ್ಲ’. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿದರೆ ‘ಸರ್ವರ್ ಇಲ್ಲ’. ಆಲೂರು ತಾಲ್ಲೂಕಿನ ಮಗ್ಗೆಯಿಂದ ಹಿಡಿದು ಬೆಂಗಳೂರಿನವರೆಗೆ ಈ ಮಾತು ಕೇಳದವರಿಲ್ಲ. ಇಂಥ ಸಮಯದಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಓಡಾಡುವುದುಂಟು. ಒಂದು, ‘ಸರ್ವರ್ ಹ್ಯಾಕ್ ಆಗಿದೆ, ಎಲ್ಲರ ಮಾಹಿತಿ ಹೋಯಿತು’ ಎಂದು ಹೆದರಿಸುವುದು. ಇನ್ನೊಂದು, ‘ಸರ್ವರ್‌ಗೆ ಕಾಯಬೇಡಿ, ಈ ಆಪ್ ಹಾಕಿಕೊಳ್ಳಿ’ ಎಂದು ದಾರಿ ತೋರಿಸುವುದು.

ಈ ಎರಡರಲ್ಲಿ ನಿಜವಾದ ಅಪಾಯ ಇರುವುದು ಎರಡನೆಯದರಲ್ಲಿ. ಅದು ಹೇಗೆಂದು ತಿಳಿಯಲು ಸರ್ವರ್‌ನ ಒಳಗೆ ಸ್ವಲ್ಪ ಇಣುಕಿ ನೋಡೋಣ.

ಸರ್ವರ್ ಎಂದರೆ ಒಂದೇ ಪೆಟ್ಟಿಗೆಯಲ್ಲ

ನಾವು ‘ಸರ್ವರ್’ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರ ಹಿಂದೆ ಹಲವು ಸೇವೆಗಳು ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಮಾಹಿತಿ ಇಟ್ಟುಕೊಳ್ಳುವ ಡೇಟಾಬೇಸ್ ಒಂದು. ಯಾವ ಸೇವೆ ಎಲ್ಲಿದೆ ಎಂದು ಹೇಳುವ ವಿಳಾಸ ಪುಸ್ತಕದಂಥದ್ದು ಇನ್ನೊಂದು. ಬಂದ ಬೇಡಿಕೆಗಳನ್ನು ಸಾಲಿನಲ್ಲಿ ನಿಲ್ಲಿಸುವುದು ಮತ್ತೊಂದು. ಲೆಕ್ಕ ಮಾಡಿ ಉತ್ತರ ಕೊಡುವ ಮುಖ್ಯ ಪ್ರೋಗ್ರಾಂ, ಜನರಿಗೆ ಕಾಣುವ ವೆಬ್ ಪುಟ ಇವೆಲ್ಲ ಬೇರೆ ಬೇರೆ.

ಬ್ಯಾಂಕುಗಳು, ದೊಡ್ಡ ಕಂಪನಿಗಳು, ಸರ್ಕಾರಿ ವ್ಯವಸ್ಥೆಗಳು ಇಂಥ ಕೆಲಸಕ್ಕೆ ಬಹಳವಾಗಿ ಬಳಸುವ ಭಾಷೆಗಳಲ್ಲಿ ಒಂದು ಜಾವಾ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇದನ್ನು ಹೊರತಂದಿತು. ಹೆಸರು ಬಂದದ್ದು ಕಾಫಿಯಿಂದ. ಅದರ ಗುರುತು ಇಂದಿಗೂ ಹಬೆಯಾಡುವ ಕಾಫಿ ಬಟ್ಟಲು.

ಯಾವುದು ಮೊದಲು, ಯಾವುದು ಆಮೇಲೆ?

ಆಲೂರು, ಸಕಲೇಶಪುರ ಸೀಮೆಯ ಕಾಫಿ ತೋಟದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಹಣ್ಣು ಪಲ್ಪಿಂಗ್ ಮಾಡುವ ದಿನ ಮೊದಲು ಪಂಪು ಓಡಬೇಕು, ತೊಟ್ಟಿಗೆ ನೀರು ಬರಬೇಕು. ಆಮೇಲೆ ಪಲ್ಪರ್ ಚಾಲೂ ಮಾಡಬೇಕು. ಅದಾದ ಮೇಲೆಯೇ ಹಣ್ಣು ಸುರಿಯುವುದು. ನೀರೇ ಇಲ್ಲದೆ ಹಣ್ಣು ಸುರಿದರೆ ಪಲ್ಪರ್ ಕಟ್ಟಿಕೊಳ್ಳುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಕ್ರಮ ತಪ್ಪಿರುತ್ತದೆ ಅಷ್ಟೇ.

ಸರ್ವರ್‌ನದ್ದೂ ಇದೇ ಕಥೆ. ಮೊದಲು ಡೇಟಾಬೇಸ್ ಏಳಬೇಕು. ಆಮೇಲೆ ಡೇಟಾಬೇಸ್‌ಗೆ ಸಂಪರ್ಕ ಕೊಡುವ ಭಾಗ, ವಿಳಾಸ ಪುಸ್ತಕ, ಸಾಲು ನೋಡಿಕೊಳ್ಳುವ ಸೇವೆ. ಅನಂತರ ಮುಖ್ಯ ಪ್ರೋಗ್ರಾಂ. ಎಲ್ಲಕ್ಕಿಂತ ಕೊನೆಗೆ ಜನರಿಗೆ ಬಾಗಿಲು ತೆರೆಯಬೇಕು. ಮುಖ್ಯ ಪ್ರೋಗ್ರಾಂ ಅವಸರಪಟ್ಟು ಮೊದಲೇ ಎದ್ದರೆ ಡೇಟಾಬೇಸ್ ಸಿಗದೆ ಬಿದ್ದುಹೋಗುತ್ತದೆ.

ಇದಕ್ಕಾಗಿ ಪ್ರತಿ ಸೇವೆಯೂ ‘ನನಗಿಂತ ಮೊದಲು ಇಂಥವರು ಏಳಬೇಕು’ ಎಂದು ಬರೆದಿಡುತ್ತದೆ. ಜೆಬಾಸ್ ಎಂಬ ಜಾವಾ ಸರ್ವರ್‌ನ ಹಳೆಯ ಆವೃತ್ತಿಗಳಲ್ಲಿ ಇದನ್ನು ಸೆಟ್ಟಿಂಗ್ ಕಡತದಲ್ಲಿ ‘ಡಿಪೆಂಡ್ಸ್’ ಎಂಬ ಸಾಲಿನಲ್ಲಿ ಬರೆಯುತ್ತಿದ್ದರು. ಇಂದಿನ ಲಿನಕ್ಸ್ ಯಂತ್ರಗಳಲ್ಲಿ ಸಿಸ್ಟಮ್‌ಡಿ ಎಂಬ ವ್ಯವಸ್ಥೆ ಇಂಥದ್ದೇ ಕೆಲಸ ಮಾಡುತ್ತದೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಒಂದಕ್ಕೊಂದು ಕಾಯುವುದು. ‘ನೀನು ಬಂದರೆ ನಾನು ಬರುತ್ತೇನೆ’ ಎಂದು ಇಬ್ಬರೂ ಕೂತರೆ ಇಬ್ಬರೂ ಬರುವುದಿಲ್ಲ. ಎರಡು ಸೇವೆಗಳು ಹೀಗೆ ಕಾಯತೊಡಗಿದರೆ ಯಂತ್ರ ಆನ್ ಇದ್ದರೂ ಕೆಲಸ ನಡೆಯುವುದಿಲ್ಲ.

ಎರಡನೆಯದು, ‘ಎದ್ದಿದೆ’ ಎನ್ನುವುದಕ್ಕೂ ‘ಸಿದ್ಧವಾಗಿದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸ. ಅಂಗಡಿ ಬಾಗಿಲು ತೆರೆದ ಮಾತ್ರಕ್ಕೆ ವ್ಯಾಪಾರ ಶುರುವಾಗುವುದಿಲ್ಲ. ತಕ್ಕಡಿ ಇಡಬೇಕು, ಚಿಲ್ಲರೆ ಇರಬೇಕು. ಡೇಟಾಬೇಸ್ ಕೂಡ ಎದ್ದ ಕೂಡಲೇ ಉತ್ತರ ಕೊಡುವುದಿಲ್ಲ. ಹಠಾತ್ತನೆ ಕರೆಂಟ್ ಹೋಗಿದ್ದರೆ, ಅರ್ಧಕ್ಕೆ ನಿಂತ ಬರವಣಿಗೆಯನ್ನು ಮೊದಲು ಸರಿಪಡಿಸಿಕೊಳ್ಳುತ್ತದೆ. ಹಾಗಾಗಿ ಚೆನ್ನಾಗಿ ಕಟ್ಟಿದ ವ್ಯವಸ್ಥೆಗಳು ‘ಎದ್ದೆಯಾ?’ ಎಂದು ಕೇಳಿ ಸುಮ್ಮನಾಗುವುದಿಲ್ಲ, ‘ಒಂದು ಪ್ರಶ್ನೆಗೆ ಉತ್ತರ ಕೊಡು ನೋಡೋಣ’ ಎಂದು ಪರೀಕ್ಷಿಸಿ ಮುಂದೆ ಹೋಗುತ್ತವೆ.

ನೀವು ಕಾಣುವ ‘ಸರ್ವರ್ ಇಲ್ಲ’ ಎಷ್ಟೋ ಬಾರಿ ಇಂಥ ಕಾಯುವಿಕೆಯೇ. ಕೆಲವೊಮ್ಮೆ ಸರ್ವರ್ ಚೆನ್ನಾಗಿಯೇ ಇದ್ದು, ನಡುವಿನ ನೆಟ್‌ವರ್ಕ್ ಕಡಿದಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೂ ಪರದೆಯ ಮೇಲೆ ಕಾಣುವುದು ಅದೇ ಸಂದೇಶ.

ದಾಳಿಯಿಂದ ಸರ್ವರ್ ನಿಲ್ಲುವುದೇ ಇಲ್ಲವೇ?

ನಿಲ್ಲುತ್ತದೆ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ತೊಂದರೆಗೆ ಸಿಲುಕಿದಾಗ ನಕಲಿ ಬೇಡಿಕೆಗಳ ಪ್ರವಾಹ ಹರಿಸಿದ್ದು ಕಂಡುಬಂದು ಪೊಲೀಸರಿಗೆ ದೂರು ಹೋಯಿತು. ಆದರೆ ಇಂಥ ದಾಳಿ ಕಚೇರಿಯ ಬಾಗಿಲಲ್ಲಿ ಸುಳ್ಳು ಸಾಲು ನಿಲ್ಲಿಸಿದ ಹಾಗೆ. ನಿಜವಾದ ಕೆಲಸಕ್ಕೆ ಬಂದವರು ಒಳಗೆ ಹೋಗಲಾಗುವುದಿಲ್ಲ. ಒಳಗಿನ ಬೀರು ಒಡೆಯುವುದು ಬೇರೆಯದೇ ಬಗೆಯ ದಾಳಿ. ಬೀರು ಒಡೆಯುವ ಕಳ್ಳ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ; ಸರ್ವರ್ ಚೆನ್ನಾಗಿ ಓಡುತ್ತಿರುವಾಗಲೇ ಒಳಗೆ ಬಂದಿರುತ್ತಾನೆ. ಅದಕ್ಕೆ ಒಳ್ಳೆಯ ಉದಾಹರಣೆ ಜಾವಾ ಲೋಕದಲ್ಲೇ ಇದೆ.

ದೂರದಿಂದ ಕೋಡ್ ತರಿಸಿಕೊಳ್ಳುವುದು

ಜಾವಾ ಪ್ರೋಗ್ರಾಂ ಸಾವಿರಾರು ಸಣ್ಣ ತುಂಡುಗಳಿಂದ ಆಗಿರುತ್ತದೆ. ಒಂದೊಂದು ತುಂಡಿಗೂ ‘ಕ್ಲಾಸ್’ ಎನ್ನುತ್ತಾರೆ. ಎಲ್ಲವನ್ನೂ ಒಮ್ಮೆಗೇ ತೆರೆಯುವುದಿಲ್ಲ. ಬೇಕಾದಾಗ ಬೇಕಾದ ತುಂಡನ್ನು ತಂದುಕೊಡುವ ಕೆಲಸ ‘ಕ್ಲಾಸ್ ಲೋಡರ್’ನದು. ಒಂದೇ ಹೆಸರಿನ ಕ್ಲಾಸ್ ಎರಡು ಬೇರೆ ಲೋಡರ್‌ಗಳ ಮೂಲಕ ಬಂದರೆ ಜಾವಾ ಅವನ್ನು ಬೇರೆ ಬೇರೆ ಎಂದೇ ಎಣಿಸುತ್ತದೆ. ಊರಲ್ಲಿ ಇಬ್ಬರು ಮಂಜೇಗೌಡರಿದ್ದರೆ ‘ಯಾವ ಮನೆಯ ಮಂಜೇಗೌಡ?’ ಎಂದು ಕೇಳುತ್ತೇವಲ್ಲ, ಹಾಗೆ.

1997ರಲ್ಲಿ ಬಂದ ಜಾವಾ 1.1 ಆವೃತ್ತಿಯಲ್ಲಿ ಆರ್‌ಎಂಐ ಎಂಬ ಸೌಲಭ್ಯ ಸೇರಿತು. ಒಂದು ಯಂತ್ರದ ಪ್ರೋಗ್ರಾಂ ಇನ್ನೊಂದು ಯಂತ್ರದ ಪ್ರೋಗ್ರಾಂಗೆ ಕೆಲಸ ಹೇಳುವ ವ್ಯವಸ್ಥೆ ಇದು. ಕೇಳಿದವರ ಬಳಿ ಬೇಕಾದ ಕ್ಲಾಸ್ ಇಲ್ಲದಿದ್ದರೆ ‘ಇಂಥ ವಿಳಾಸದಿಂದ ತರಿಸಿಕೊ’ ಎಂದು ಹೇಳಬಹುದಿತ್ತು. ಜೆಬಾಸ್‌ನ ಹಳೆಯ ಆವೃತ್ತಿಗಳಲ್ಲಿ ಹೀಗೆ ಕ್ಲಾಸ್ ಹಂಚುವುದಕ್ಕೆಂದೇ 8083ನೇ ಪೋರ್ಟ್‌ನಲ್ಲಿ ಒಂದು ಪುಟ್ಟ ಸೇವೆ ಓಡುತ್ತಿತ್ತು.

ಇಲ್ಲಿಯೂ ಕ್ರಮದ ಪ್ರಶ್ನೆ ಬರುತ್ತದೆ. ಕ್ಲಾಸ್ ಹಂಚುವ ಸೇವೆ ಏಳುವ ಮೊದಲೇ ಯಾರಾದರೂ ಕೇಳಿದರೆ ‘ಕ್ಲಾಸ್ ಸಿಗಲಿಲ್ಲ’ ಎಂಬ ದೋಷ ಬರುತ್ತದೆ. ಅದು ಕಿರಿಕಿರಿ, ಅಷ್ಟೇ. ದೊಡ್ಡ ಅಪಾಯ ಬೇರೆ: ಆ ವಿಳಾಸವನ್ನು ಹೇಳಿದವರು ಯಾರು? ಕಳ್ಳನೇ ವಿಳಾಸ ಕೊಟ್ಟರೆ? ಅಲ್ಲಿಂದ ಬಂದ ಕೋಡ್ ನಮ್ಮ ಯಂತ್ರದ ಒಳಗೇ ಓಡುತ್ತದೆ.

ಈ ಅಪಾಯ ಅರಿತು ಜಾವಾ ಒಂದೊಂದೇ ಬಾಗಿಲು ಮುಚ್ಚುತ್ತ ಬಂತು. ಎದುರಿನವರು ಹೇಳಿದ ವಿಳಾಸದಿಂದ ಕ್ಲಾಸ್ ತರುವುದನ್ನು 2013ರಲ್ಲಿ ಆರ್‌ಎಂಐ ತಾನಾಗಿಯೇ ನಿಲ್ಲಿಸಿತು. ವಿಳಾಸ ಪುಸ್ತಕದ ಕೆಲಸ ಮಾಡುವ ಜೆಎನ್‌ಡಿಐ ಎಂಬ ಭಾಗದಲ್ಲೂ 2017 ಮತ್ತು 2018ರಲ್ಲಿ ಇಂಥದೇ ತಡೆಗಳು ಬಂದವು. ಆದರೆ ಹಳೆಯ ಜಾವಾ ಹಾಕಿಕೊಂಡು ಹಾಗೇ ಬಿಟ್ಟಿದ್ದ ಸರ್ವರ್‌ಗಳು ಜಗತ್ತಿನ ತುಂಬ ಇದ್ದವು.

2021ರ ಡಿಸೆಂಬರ್‌ನಲ್ಲಿ ನಡೆದದ್ದು

ಜಾವಾ ಪ್ರೋಗ್ರಾಂಗಳು ‘ಇಂಥ ಹೊತ್ತಿಗೆ ಇಂಥದ್ದು ನಡೆಯಿತು’ ಎಂದು ದಿನಚರಿ ಬರೆಯಲು ಬಳಸುವ ಉಚಿತ ತಂತ್ರಾಂಶ ಲಾಗ್4ಜೆ. ಅಪಾಚೆ ಸಂಸ್ಥೆಯದು. 2021ರ ನವೆಂಬರ್ 24ರಂದು ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡದವರು ಇದರಲ್ಲಿ ಭಾರೀ ದೋಷವಿದೆ ಎಂದು ಅಪಾಚೆಗೆ ತಿಳಿಸಿದರು. ಡಿಸೆಂಬರ್ 9ರಂದು ವಿಷಯ ಬಹಿರಂಗವಾಯಿತು. ಇದಕ್ಕೆ ‘ಲಾಗ್4ಶೆಲ್’ ಎಂಬ ಹೆಸರು ಬಂತು.

ದೋಷ ಏನೆಂದು ಹೀಗೆ ಊಹಿಸಿಕೊಳ್ಳಿ. ಕಚೇರಿಯ ಬಾಗಿಲಲ್ಲಿ ಗುಮಾಸ್ತರೊಬ್ಬರು ಬಂದವರ ಹೆಸರು ಬರೆದುಕೊಳ್ಳುತ್ತಿದ್ದಾರೆ. ಒಬ್ಬ ತನ್ನ ಹೆಸರಿನ ಬದಲು ‘ಆ ಬೀದಿಯ ಆ ಮನೆಯಿಂದ ಪೆಟ್ಟಿಗೆ ತಂದು ಇಲ್ಲಿ ತೆರೆಯಿರಿ’ ಎಂದು ಬರೆಸುತ್ತಾನೆ. ಗುಮಾಸ್ತರು ಅದನ್ನು ಬರೆದುಕೊಂಡು ಬಿಡುವುದರ ಬದಲು, ಎದ್ದು ಹೋಗಿ ಪೆಟ್ಟಿಗೆ ತಂದು ತೆರೆದೇಬಿಡುತ್ತಾರೆ! ಲಾಗ್4ಜೆ ಮಾಡುತ್ತಿದ್ದುದು ಇದನ್ನೇ. ಹೆಸರಿನ ಜಾಗದಲ್ಲೋ ಹುಡುಕಾಟದ ಪೆಟ್ಟಿಗೆಯಲ್ಲೋ ಒಂದು ವಿಶೇಷ ಸಾಲು ಬರೆದರೆ ಸಾಕಿತ್ತು. ಮೈನ್‌ಕ್ರಾಫ್ಟ್ ಆಟದಲ್ಲಂತೂ ಚಾಟ್‌ನಲ್ಲಿ ಆ ಸಾಲು ಟೈಪ್ ಮಾಡಿದರೆ ಸಾಕು, ಆಟದ ಸರ್ವರ್ ಬಲೆಗೆ ಬೀಳುತ್ತಿತ್ತು.

ದೋಷದ ತೀವ್ರತೆಗೆ 10ಕ್ಕೆ 10 ಅಂಕ ಬಿತ್ತು. ಅದು ತಂತ್ರಾಂಶಕ್ಕೆ ಸೇರಿದ್ದು 2013ರಲ್ಲಿ. ಎಂಟು ವರ್ಷ ಯಾರ ಕಣ್ಣಿಗೂ ದೊಡ್ಡದಾಗಿ ಬಿದ್ದಿರಲಿಲ್ಲ. ಭಾರತದ ಸರ್ಟ್-ಇನ್ ಸಂಸ್ಥೆಯೂ ಎಚ್ಚರಿಕೆ ಹೊರಡಿಸಿತು. 2.15.0, 2.16.0, 2.17.0, 2.17.1 ಎಂದು ಒಂದರ ಹಿಂದೆ ಒಂದು ತಿದ್ದುಪಡಿಗಳು ಆ ತಿಂಗಳಲ್ಲೇ ಬಂದವು.

ಇವನ್ನು ಹಾಕಲು ಎಷ್ಟೋ ಸಂಸ್ಥೆಗಳು ತಮ್ಮ ಸರ್ವರ್‌ಗಳನ್ನು ತಾವೇ ನಿಲ್ಲಿಸಿ, ಮತ್ತೆ ಕ್ರಮವಾಗಿ ಎಬ್ಬಿಸಬೇಕಾಯಿತು. ಇದನ್ನು ಗಮನಿಸಿ. ದುರಸ್ತಿಗಾಗಿ ನಿಂತ ಸರ್ವರ್ ಸುರಕ್ಷಿತವಾಗುತ್ತಿತ್ತು. ದುರಸ್ತಿಯಿಲ್ಲದೆ ಓಡುತ್ತಿದ್ದ ಸರ್ವರ್‌ಗೇ ಅಪಾಯವಿತ್ತು. ‘ಡೌನ್ ಆದರೆ ಹ್ಯಾಕ್, ಓಡುತ್ತಿದ್ದರೆ ಕ್ಷೇಮ’ ಎಂಬ ನಂಬಿಕೆಗೆ ಇದು ನೇರ ಉತ್ತರ.

ಮೊಬೈಲ್‌ಗೂ ಅಪಾಯವಿತ್ತೇ?

ಆಂಡ್ರಾಯ್ಡ್ ಆಪ್‌ಗಳನ್ನೂ ಜಾವಾದಲ್ಲಿ ಬರೆಯುವುದುಂಟು. ಆದರೆ ಲಾಗ್4ಶೆಲ್ ದಾಳಿಗೆ ಬೇಕಾದ ಜೆಎನ್‌ಡಿಐ ಭಾಗ ಆಂಡ್ರಾಯ್ಡ್‌ನಲ್ಲಿ ಇಲ್ಲ. ಹಾಗಾಗಿ ಈ ದೋಷ ಮುಖ್ಯವಾಗಿ ಕಾಡಿದ್ದು ಸರ್ವರ್‌ಗಳನ್ನು.

ಆದರೆ ಮೊಬೈಲ್‌ನಲ್ಲಿ ಇದೇ ತಪ್ಪನ್ನು ನಮ್ಮ ಕೈಯಾರೆ ಮಾಡುವ ದಾರಿ ಒಂದಿದೆ. ಅದೇ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್. ಎಪಿಕೆ ಎಂದರೆ ಫೋಟೋ ಅಲ್ಲ, ದಾಖಲೆ ಅಲ್ಲ, ಅದು ಕೋಡ್. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ನಕಲಿ ಎಪಿಕೆ ಕಳಿಸಿ ದುಡ್ಡು ದೋಚಿರುವುದು ನಮ್ಮ ದೇಶದಲ್ಲಿ ನಡೆದಿದೆ. ಅದನ್ನು ಹಾಕಿಕೊಂಡು ‘ಅಲೋ’ ಒತ್ತುತ್ತಾ ಹೋದರೆ ಎಸ್‌ಎಂಎಸ್ ಓದುವ, ಒಟಿಪಿ ಕದಿಯುವ ಅಧಿಕಾರ ಕಳ್ಳನಿಗೆ ಸಿಗುತ್ತದೆ. ಅಪರಿಚಿತ ಪೆಟ್ಟಿಗೆ ತಂದು ತೆರೆದ ಗುಮಾಸ್ತರ ಜಾಗದಲ್ಲಿ ಈಗ ನಾವೇ ಇರುತ್ತೇವೆ.

‘ಸರ್ವರ್ ಇಲ್ಲ’ ಎಂದಾಗ ಏನು ಮಾಡಬೇಕು?

• ಮತ್ತೆ ಮತ್ತೆ ರಿಫ್ರೆಶ್ ಒತ್ತಬೇಡಿ. ಆಗಷ್ಟೇ ಎದ್ದ ಸರ್ವರ್ ಮೇಲೆ ಸಾವಿರಾರು ಜನ ಒಟ್ಟಿಗೆ ಬಿದ್ದರೆ ಅದು ಮತ್ತೆ ಕುಸಿಯಬಹುದು. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ.

• ಹಣ ಕಟ್ಟುವಾಗ ನಿಂತುಹೋದರೆ ತಕ್ಷಣ ಮತ್ತೆ ಕಟ್ಟಬೇಡಿ. ಖಾತೆಯಿಂದ ಹಣ ಹೋಗಿದೆಯೇ ಎಂದು ಮೊದಲು ನೋಡಿ.

• ‘ಬದಲಿ ಲಿಂಕ್’, ‘ಹೊಸ ಆಪ್’ ಎಂದು ಫಾರ್ವರ್ಡ್ ಆಗಿ ಬಂದದ್ದನ್ನು ತೆರೆಯಬೇಡಿ. ಆಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಲ್ಲಿ ಹುಡುಕಿ, ತಯಾರಿಸಿದವರ ಹೆಸರು ನೋಡಿ ಹಾಕಿಕೊಳ್ಳಿ.

• ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್ ಮತ್ತು ಬ್ರೌಸರ್‌ಗೆ ‘ಅಪರಿಚಿತ ಆಪ್ ಹಾಕುವ’ ಅನುಮತಿ ಕೊಟ್ಟಿದ್ದರೆ ತೆಗೆದುಹಾಕಿ.

• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕ್‌ಗೂ ತಿಳಿಸಿ.

ಒಟ್ಟಿನಲ್ಲಿ

‘ಸರ್ವರ್ ಇಲ್ಲ’ ಎಂಬ ಒಂದೇ ಕಾರಣಕ್ಕೆ ಹ್ಯಾಕ್ ಆಗಿದೆ ಎನ್ನುವುದು ತಪ್ಪು. ಅದು ದುರಸ್ತಿ ಇರಬಹುದು, ನೆಟ್‌ವರ್ಕ್ ಇರಬಹುದು, ಒಂದು ಸೇವೆ ಇನ್ನೊಂದಕ್ಕೆ ಕಾಯುತ್ತಿರಬಹುದು. ಕೇಳಬೇಕಾದ ಪ್ರಶ್ನೆ, ಒಳಗೆ ಓಡುತ್ತಿರುವ ಕೋಡ್ ಎಲ್ಲಿಂದ ಬಂತು ಎಂಬುದು. ಸರ್ವರ್ ನೋಡಿಕೊಳ್ಳುವ ಎಂಜಿನಿಯರ್‌ಗೂ, ಕೈಯಲ್ಲಿ ಮೊಬೈಲ್ ಹಿಡಿದ ನಮಗೂ ಈ ಪ್ರಶ್ನೆ ಒಂದೇ. ಮುಂದಿನ ಬಾರಿ ಗುಂಪಿನಲ್ಲಿ ಎಪಿಕೆ ಬಂದರೆ ತೆರೆಯುವ ಮೊದಲು, ಫಾರ್ವರ್ಡ್ ಮಾಡುವ ಮೊದಲು ಇದನ್ನು ಕೇಳಿಕೊಳ್ಳಿ.